ಕಡತದಿಂದ ಗಣಕಯಂತ್ರಕ್ಕೆ: ವೈದ್ಯಕೀಯ ದಾಖಲೆಯ ವೆಚ್ಚ ಮತ್ತು ಬಳಕೆ

ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯ ಬಸ್ಸುಗಳಿಂದ ಇಳಿಯುವ ಪ್ರಯಾಣಿಕರಲ್ಲಿ ಚಿಕಿತ್ಸೆಗೆಂದು ಬಂದವರೂ ಇರುತ್ತಾರೆ. ಬಟ್ಟೆಯ ಗಂಟಿನೊಡನೆ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಹಳೆಯ ಔಷಧ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಎಕ್ಸ್‌ರೇ ಫಿಲ್ಮುಗಳು, ಗರ್ಭಿಣಿಯಾದರೆ ತಾಯಿ ಕಾರ್ಡು ಮತ್ತು ಸ್ಕ್ಯಾನಿಂಗ್ ವರದಿ ಅದರಲ್ಲಿ ಮಡಿಸಿಟ್ಟಿರುತ್ತವೆ. ರೋಗಿಯ ಪೂರ್ವವೃತ್ತಾಂತವೆಲ್ಲ ಆ ಚೀಲದಲ್ಲಿದೆ. ಅದು ಕಳೆದುಹೋದರೆ ಪರೀಕ್ಷೆಗಳು ಮತ್ತೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

ಬಸ್ ನಿಲ್ದಾಣದಿಂದ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವೇ ಸುಲ್ತಾನ್ ಬಜಾರ್. ಬ್ರಿಟಿಷ್ ರೆಸಿಡೆನ್ಸಿಯ ಪಕ್ಕದಲ್ಲಿ ಬೆಳೆದ ಈ ಪೇಟೆಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ಕೋಠಿ ಮತ್ತು ಸುಲ್ತಾನ್ ಬಜಾರ್ ಪರಿಸರಕ್ಕೂ ವೈದ್ಯಕೀಯಕ್ಕೂ ಇರುವ ನಂಟು ಹಳೆಯದು. 1846ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯಾಗಿ ಆರಂಭವಾದ ಉಸ್ಮಾನಿಯಾ ವೈದ್ಯಕೀಯ ಕಾಲೇಜು ಇಂದು ಕೋಠಿಯಲ್ಲಿದೆ. ಆ ಕಾಲೇಜಿಗೆ ಹೊಂದಿಕೊಂಡ ಸರ್ಕಾರಿ ಪ್ರಸೂತಿ ಆಸ್ಪತ್ರೆಯು ಸುಲ್ತಾನ್ ಬಜಾರಿನಲ್ಲಿದೆ. ಸುತ್ತಲಿನ ಬೀದಿಗಳಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಅಂಗಡಿಗಳೂ ಹಳೆಯ ವೈದ್ಯಕೀಯ ಪುಸ್ತಕಗಳ ಮಾರಾಟಗಾರರೂ ಇದ್ದಾರೆ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆಡಳಿತದ ಗಡಿ ಬದಲಾದರೂ ಚಿಕಿತ್ಸೆಗಾಗಿ ಜನ ಹಿಡಿಯುವ ದಾರಿ ಪೂರ್ತಿಯಾಗಿ ಬದಲಾಗಲಿಲ್ಲ. ಹೀಗೆ ಗಡಿ ದಾಟಿ ಬರುವ ರೋಗಿಯೊಡನೆ ಅವನ ದಾಖಲೆಯೂ ಸುರಕ್ಷಿತವಾಗಿ ಬರುವಂತೆ ಮಾಡುವುದು ಹೇಗೆ, ಅದಕ್ಕೆ ತಗಲುವ ವೆಚ್ಚವೆಷ್ಟು, ಆ ವೆಚ್ಚ ಸಾರ್ಥಕವಾಗುವುದು ಯಾವಾಗ ಎಂಬುದು ಈ ಲೇಖನದ ವಿಷಯ.

ದಾಖಲೆ ಏಕೆ ಮುಖ್ಯ?

ಉದಾಹರಣೆಗಾಗಿ ಭಾಲ್ಕಿ ತಾಲ್ಲೂಕಿನ ಒಬ್ಬ ಗರ್ಭಿಣಿಯನ್ನು ಭಾವಿಸಿಕೊಳ್ಳೋಣ. ಆಕೆಗೆ ಮೊದಲ ಹೆರಿಗೆ ಶಸ್ತ್ರಚಿಕಿತ್ಸೆಯ ಮೂಲಕ ಆಗಿದೆ. ಎರಡನೆಯ ಹೆರಿಗೆಗೆ ತವರಿನವರಿರುವ ಹೈದರಾಬಾದಿಗೆ ಬಂದಿದ್ದಾಳೆ. ಆಕೆಯನ್ನು ಪರೀಕ್ಷಿಸುವ ವೈದ್ಯರಿಗೆ ಮೂರು ಸಂಗತಿಗಳು ತಿಳಿಯಲೇಬೇಕು.

ಮೊದಲನೆಯದು, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನು ಯಾವ ರೀತಿ ಕೊಯ್ಯಲಾಗಿತ್ತು ಎಂಬುದು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದಿದ್ದರೆ ಸಹಜ ಹೆರಿಗೆಯ ಪ್ರಯತ್ನವನ್ನು ಪರಿಶೀಲಿಸಬಹುದು. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಹೆರಿಗೆ ನೋವಿನ ಸಮಯದಲ್ಲಿ ಗರ್ಭಕೋಶ ಬಿರಿಯುವ ಅಪಾಯ ಹೆಚ್ಚು. ಹೊಟ್ಟೆಯ ಚರ್ಮದ ಮೇಲಿನ ಗಾಯದ ಗುರುತನ್ನು ನೋಡಿ ಇದನ್ನು ನಿರ್ಧರಿಸಲಾಗದು. ಮೊದಲ ಆಸ್ಪತ್ರೆಯವರು ಬರೆದಿಟ್ಟ ಟಿಪ್ಪಣಿಯೊಂದೇ ಇದನ್ನು ಖಚಿತವಾಗಿ ಹೇಳಬಲ್ಲದು. ಎರಡನೆಯದು ರಕ್ತದ ಗುಂಪು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ನೀಡಬೇಕಾಗುತ್ತದೆ. ಮೂರನೆಯದು ಹಿಮೋಗ್ಲೋಬಿನ್ ಪ್ರಮಾಣ. ಇಂದಿನ ಅಂಕಿ 9 ಎಂದು ತಿಳಿದರಷ್ಟೇ ಸಾಲದು. ಮೂರು ತಿಂಗಳ ಹಿಂದೆ 7 ಇದ್ದುದು 9ಕ್ಕೆ ಏರಿತೇ, 11 ಇದ್ದುದು 9ಕ್ಕೆ ಇಳಿಯಿತೇ ಎಂಬುದರ ಮೇಲೆ ಚಿಕಿತ್ಸೆಯ ಕ್ರಮ ನಿಲ್ಲುತ್ತದೆ.

ಈ ಮೂರೂ ಸಂಗತಿಗಳು ಎಲ್ಲೋ ಒಂದು ಕಡೆ ಬರೆದಿರುತ್ತವೆ. ಆದರೆ ರಾತ್ರಿ ಎರಡು ಗಂಟೆಗೆ, ಹೆರಿಗೆ ನೋವಿನಲ್ಲಿರುವಾಗ, ಬೇರೆ ರಾಜ್ಯದ ವೈದ್ಯರ ಕೈಗೆ ಅವು ಸಿಗುತ್ತವೆಯೇ ಎಂಬುದು ಪ್ರಶ್ನೆ. ವಿದ್ಯುನ್ಮಾನ ವೈದ್ಯಕೀಯ ದಾಖಲೆಯ ಉದ್ದೇಶ ಮೂಲತಃ ಇದಕ್ಕೆ ಉತ್ತರ ಒದಗಿಸುವುದು.

ವೆಚ್ಚದ ಲೆಕ್ಕ

ರೋಗಿಯ ನೋಂದಣಿ, ವೈದ್ಯರ ಟಿಪ್ಪಣಿ, ಪರೀಕ್ಷೆಗಳ ಫಲಿತಾಂಶ, ಔಷಧಗಳ ವಿವರ ಇವನ್ನೆಲ್ಲ ಕಾಗದದ ಬದಲು ಗಣಕಯಂತ್ರದಲ್ಲಿ ದಾಖಲಿಸಿ, ಬೇಕಾದಾಗ ತೆಗೆದು ನೋಡುವ ವ್ಯವಸ್ಥೆಯೇ ವಿದ್ಯುನ್ಮಾನ ವೈದ್ಯಕೀಯ ದಾಖಲೆ. ಇದಕ್ಕೆ ಬೇಕಾಗುವ ತಂತ್ರಾಂಶದ ಬೆಲೆಯೇ ಮುಖ್ಯ ವೆಚ್ಚವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣವಾಗಿ ಸರಿಯಲ್ಲ.

ಬೆಲೆಯನ್ನೇ ಕೊಡದೆ ಪಡೆಯಬಹುದಾದ ತಂತ್ರಾಂಶಗಳೂ ಇವೆ. 2004ರಲ್ಲಿ ಆರಂಭವಾದ ಓಪನ್‌ಎಂಆರ್‌ಎಸ್ ಎಂಬ ತಂತ್ರಾಂಶವನ್ನು ಯಾರಾದರೂ ಉಚಿತವಾಗಿ ಬಳಸಬಹುದು, ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಅದರ ಆಧಾರದ ಮೇಲೆ ರೂಪುಗೊಂಡ ಬಾಹ್ಮ್ನಿ ಎಂಬ ವ್ಯವಸ್ಥೆಯು 2010ರ ದಶಕದ ಮೊದಲ ಭಾಗದಲ್ಲಿ ಛತ್ತೀಸಗಢದ ಗನಿಯಾರಿ ಎಂಬ ಗ್ರಾಮದಲ್ಲಿರುವ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಬಳಕೆಗೆ ಬಂದಿತು. ಸರ್ಕಾರಿ ಆಸ್ಪತ್ರೆಗಳಿಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಇ-ಹಾಸ್ಪಿಟಲ್ ವ್ಯವಸ್ಥೆಯನ್ನೂ, ಸಿ-ಡ್ಯಾಕ್ ಸಂಸ್ಥೆಯು ಇ-ಸುಶ್ರುತ ವ್ಯವಸ್ಥೆಯನ್ನೂ ರೂಪಿಸಿವೆ.

ತಂತ್ರಾಂಶ ಉಚಿತವಾಗಿ ದೊರೆತರೂ ಉಳಿದ ವೆಚ್ಚಗಳು ತಪ್ಪುವುದಿಲ್ಲ. ಪ್ರತಿ ಕೊಠಡಿಗೂ ಗಣಕಯಂತ್ರ, ಮುದ್ರಣಯಂತ್ರ ಮತ್ತು ಜಾಲಸಂಪರ್ಕ ಬೇಕು. ವಿದ್ಯುತ್ ಹೋದಾಗ ಯುಪಿಎಸ್ ಅಥವಾ ಜನರೇಟರ್ ಇರಬೇಕು. ಸಿಬ್ಬಂದಿಗೆ ತರಬೇತಿ ನೀಡಬೇಕು, ವರ್ಗಾವಣೆಯಾಗಿ ಬಂದ ಹೊಸಬರಿಗೆ ಮತ್ತೊಮ್ಮೆ ನೀಡಬೇಕು. ಹಳೆಯ ಕಡತಗಳಲ್ಲಿ ಯಾವುದನ್ನು ಗಣಕಕ್ಕೆ ಏರಿಸಬೇಕೆಂದು ನಿರ್ಧರಿಸಿ ಏರಿಸಬೇಕು. ಯಂತ್ರಗಳು ಕೆಟ್ಟಾಗ ದುರಸ್ತಿ ಮಾಡುವವರು ಕರೆದೊಡನೆ ಬರುವಂತಿರಬೇಕು. ಕೆಲವು ವರ್ಷಗಳ ನಂತರ ಒಂದು ತಂತ್ರಾಂಶವನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವ ವೆಚ್ಚವೂ ಬೀಳುತ್ತದೆ. ಖರೀದಿಯ ಸಮಯದಲ್ಲಿ ಈ ಕೊನೆಯ ಅಂಶವನ್ನು ಕರಾರಿನಲ್ಲಿ ಸೇರಿಸದ ಆಸ್ಪತ್ರೆಯು ಮುಂದೆ ತನ್ನದೇ ಮಾಹಿತಿಯನ್ನು ಪಡೆಯಲು ಹಣ ತೆರಬೇಕಾದೀತು.

ಇವೆಲ್ಲಕ್ಕಿಂತ ದೊಡ್ಡದಾದ, ಆದರೆ ಯಾವ ಬಿಲ್ಲಿನಲ್ಲೂ ಕಾಣದ ಒಂದು ವೆಚ್ಚವಿದೆ. ಅದು ಸಮಯ. ಒಬ್ಬ ವೈದ್ಯರು ಹೊರರೋಗಿ ವಿಭಾಗದಲ್ಲಿ ದಿನಕ್ಕೆ 100 ರೋಗಿಗಳನ್ನು ನೋಡುತ್ತಾರೆಂದು ಭಾವಿಸೋಣ. ಚೀಟಿಯಲ್ಲಿ ಬರೆಯಲು 1 ನಿಮಿಷ ಸಾಕಾಗುತ್ತಿದ್ದು, ಗಣಕದಲ್ಲಿ ದಾಖಲಿಸಲು 3 ನಿಮಿಷ ಬೇಕಾದರೆ, ಹೆಚ್ಚುವರಿಯಾಗಿ ತಗಲುವ ಸಮಯ 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಈ ಸಮಯವನ್ನು ಯಾರಿಂದ ಪಡೆಯಬೇಕು? ಸಾಲಿನಲ್ಲಿ ನಿಂತ ರೋಗಿ ಇನ್ನಷ್ಟು ಹೊತ್ತು ಕಾಯಬೇಕು, ಇಲ್ಲವೇ ವೈದ್ಯರು ರೋಗಿಯ ಮುಖ ನೋಡುವ ಸಮಯವನ್ನು ಕಡಿಮೆ ಮಾಡಬೇಕು. ಬಡ ರೋಗಿಯ ಮಟ್ಟಿಗೆ ಇದು ಒಂದು ದಿನದ ಕೂಲಿಯ ಪ್ರಶ್ನೆಯೂ ಆಗಬಹುದು.

ಬಳಕೆಗೆ ಒಗ್ಗದ ವ್ಯವಸ್ಥೆಯ ಅಪಾಯ

ಈ ವಿಷಯದಲ್ಲಿ ನಮಗಿಂತ ಮೊದಲು ಹೆಚ್ಚು ಹಣ ಹೂಡಿದ ದೇಶಗಳ ಅನುಭವವು ಗಮನಾರ್ಹವಾಗಿದೆ. ಅಮೆರಿಕವು 2009ರಲ್ಲಿ ಕಾನೂನು ತಂದು, ವಿದ್ಯುನ್ಮಾನ ದಾಖಲೆ ಅಳವಡಿಸಿಕೊಳ್ಳುವ ಆಸ್ಪತ್ರೆಗಳಿಗೂ ವೈದ್ಯರಿಗೂ ಪ್ರೋತ್ಸಾಹಧನ ನೀಡಿತು. ದಾಖಲೆ ವ್ಯವಸ್ಥೆಯು ಬಹುತೇಕ ಎಲ್ಲ ಆಸ್ಪತ್ರೆಗಳನ್ನು ತಲುಪಿತು. ಆದರೆ 2016ರಲ್ಲಿ ಪ್ರಕಟವಾದ, 57 ವೈದ್ಯರ ಕೆಲಸವನ್ನು ಗಮನಿಸಿ ನಡೆಸಿದ ಅಧ್ಯಯನದ ಪ್ರಕಾರ, ಅವರ ಕಚೇರಿ ಸಮಯದ ಶೇ. 27ರಷ್ಟು ಮಾತ್ರ ರೋಗಿಗಳೊಡನೆ ನೇರವಾಗಿ ಕಳೆಯುತ್ತಿದ್ದು, ಶೇ. 49ರಷ್ಟು ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ 2002ರಲ್ಲಿ ಆರಂಭವಾದ ಬೃಹತ್ ರಾಷ್ಟ್ರೀಯ ಕಾರ್ಯಕ್ರಮವನ್ನು ಶತಕೋಟಿಗಟ್ಟಲೆ ಪೌಂಡುಗಳ ವೆಚ್ಚದ ನಂತರ ಕೈಬಿಡುವುದಾಗಿ 2011ರಲ್ಲಿ ಘೋಷಿಸಲಾಯಿತು. ಆಸ್ಪತ್ರೆಗಳ ಸ್ಥಳೀಯ ಅಗತ್ಯವನ್ನು ಕೇಳದೆ ಮೇಲಿನಿಂದ ಒಂದೇ ಅಚ್ಚನ್ನು ಹೇರಿದುದು ಅದರ ವೈಫಲ್ಯದ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಹಣದ ನಷ್ಟಕ್ಕಿಂತ ಗಂಭೀರವಾದ ಪಾಠವೊಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಒಂದು ಮಕ್ಕಳ ಆಸ್ಪತ್ರೆಯಿಂದ ದೊರೆಯಿತು. ಅಲ್ಲಿ ಔಷಧಗಳ ಆದೇಶವನ್ನು ಗಣಕದ ಮೂಲಕವೇ ನೀಡುವ ಕ್ರಮ ಜಾರಿಯಾಯಿತು. ಬೇರೆ ಆಸ್ಪತ್ರೆಗಳಿಂದ ತುರ್ತಾಗಿ ಕರೆತಂದ ಮಕ್ಕಳಲ್ಲಿ ಮರಣ ಪ್ರಮಾಣವು ಮೊದಲು ಶೇ. 2.80 ಇದ್ದುದು ನಂತರ ಶೇ. 6.57ಕ್ಕೆ ಏರಿದುದಾಗಿ 2005ರಲ್ಲಿ ವರದಿಯಾಯಿತು. ಮೊದಲು ಮಗು ದಾರಿಯಲ್ಲಿರುವಾಗಲೇ ವೈದ್ಯರು ಔಷಧ ಸಿದ್ಧಪಡಿಸಲು ಹೇಳುತ್ತಿದ್ದರು. ಹೊಸ ಕ್ರಮದಲ್ಲಿ ಮಗು ಬಂದು, ನೋಂದಣಿಯಾಗುವವರೆಗೆ ಆದೇಶವನ್ನೇ ನಮೂದಿಸುವಂತಿರಲಿಲ್ಲ. ಅದೇ ತಂತ್ರಾಂಶವನ್ನು ಬಳಸಿದ ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯು ಪಿಟ್ಸ್‌ಬರ್ಗಿನ ಅನುಭವದಿಂದ ಕಲಿತು, ತುರ್ತು ಸಂದರ್ಭದ ಆದೇಶಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡಿತ್ತು. ಅಲ್ಲಿ ಮರಣ ಪ್ರಮಾಣ ಹೆಚ್ಚಲಿಲ್ಲವೆಂದು 2006ರಲ್ಲಿ ವರದಿಯಾಯಿತು. ತಂತ್ರಾಂಶ ಒಂದೇ ಆದರೂ ಫಲ ಬೇರೆಯಾಯಿತು. ಬಳಸುವವರ ಕೆಲಸದ ಕ್ರಮಕ್ಕೆ ಅದನ್ನು ಹೊಂದಿಸಲಾಗಿದೆಯೇ ಎಂಬುದೇ ನಿರ್ಣಾಯಕ ಅಂಶವೆಂದು ಇದರಿಂದ ತಿಳಿದುಬರುತ್ತದೆ.

ಹೈದರಾಬಾದಿನ ಒಂದು ನಿದರ್ಶನ

ದೂರದ ನಿದರ್ಶನಗಳನ್ನು ಮಾತ್ರ ನೋಡಬೇಕಾಗಿಲ್ಲ. 1987ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯು ಐಸ್ಮಾರ್ಟ್ ಎಂಬ ದಾಖಲೆ ವ್ಯವಸ್ಥೆಯನ್ನು ಸ್ವತಃ ರೂಪಿಸಿಕೊಂಡು 2010ರಿಂದ ಬಳಕೆಗೆ ತಂದಿತು. ಗ್ರಾಮಗಳ ದೃಷ್ಟಿ ಕೇಂದ್ರಗಳಿಂದ ಹಿಡಿದು ನಗರದ ಮುಖ್ಯ ಆಸ್ಪತ್ರೆಯವರೆಗೆ ಹಲವು ಹಂತಗಳಲ್ಲಿ ಈ ಸಂಸ್ಥೆಯ ಸೇವೆ ಹರಡಿದೆ. ಮೊದಲ ಎಂಟು ವರ್ಷಗಳಲ್ಲಿ 22 ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರಗಳು ಈ ವ್ಯವಸ್ಥೆಯಲ್ಲಿ ದಾಖಲಾದವು. ಈ ದಾಖಲೆಗಳ ಆಧಾರದ ಮೇಲೆ ನೇತ್ರರೋಗಗಳನ್ನು ಕುರಿತ ಅನೇಕ ಸಂಶೋಧನಾ ಲೇಖನಗಳು ಪ್ರಕಟವಾಗಿವೆ.

ಈ ಯಶಸ್ಸಿಗೆ ಪೂರಕವಾದ ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ವ್ಯವಸ್ಥೆಯು ಸಂಸ್ಥೆಯೊಳಗೇ ರೂಪುಗೊಂಡುದರಿಂದ ಅದನ್ನು ಬಳಸುವ ವೈದ್ಯರ ಅನುಭವವನ್ನು ಅದರಲ್ಲಿ ಅಳವಡಿಸಲು ಅವಕಾಶವಿತ್ತು. ವಿಷಯವು ಒಂದೇ ಅಂಗಕ್ಕೆ ಸಂಬಂಧಿಸಿದುದರಿಂದ ಪಾರಿಭಾಷಿಕ ಪದಗಳನ್ನು ಒಂದು ಮಿತಿಯಲ್ಲಿ ಹಿಡಿದಿಡುವುದು ಸಾಧ್ಯವಿತ್ತು. ಹತ್ತಾರು ವಿಭಾಗಗಳಿರುವ ಸಾಮಾನ್ಯ ಆಸ್ಪತ್ರೆಯಲ್ಲಿ ಕೆಲಸ ಇಷ್ಟು ಸುಲಭವಲ್ಲ. ಆದರೂ ಒಂದು ವಿಭಾಗದಿಂದ ಆರಂಭಿಸಿ, ಅಲ್ಲಿಯ ದಾದಿಯರೂ ವೈದ್ಯರೂ ಒಪ್ಪಿದ ನಂತರ ಮುಂದಿನದಕ್ಕೆ ವಿಸ್ತರಿಸುವ ಕ್ರಮವು ಎಲ್ಲ ಆಸ್ಪತ್ರೆಗಳಿಗೂ ಅನುಸರಣೀಯವಾಗಿದೆ. ಪ್ರಸೂತಿ ವಿಭಾಗದಲ್ಲಿ ಮೇಲೆ ಹೇಳಿದ ಮೂರು ಸಂಗತಿಗಳು ಪರದೆಯ ಮೊದಲ ಪುಟದಲ್ಲೇ ಕಾಣುವಂತಿದ್ದರೆ ಅದೇ ಒಂದು ದೊಡ್ಡ ಉಪಕಾರ. ಹತ್ತು ಪುಟ ತಿರುವಿದ ಮೇಲೆ ಕಾಣುವ ಮಾಹಿತಿಯು ತುರ್ತು ಸಮಯದಲ್ಲಿ ಇದ್ದೂ ಇಲ್ಲದಂತೆಯೇ.

ರಾಷ್ಟ್ರೀಯ ಮಟ್ಟದ ಪ್ರಯತ್ನಗಳು

ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆಯ ಗಣಕಯಂತ್ರ ಓದಬೇಕಾದರೆ ಎರಡೂ ಒಂದೇ ನಿಯಮವನ್ನು ಪಾಲಿಸಬೇಕು. ಈ ದಿಶೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳನ್ನು ಪ್ರಕಟಿಸಿ, 2016ರಲ್ಲಿ ಅವನ್ನು ಪರಿಷ್ಕರಿಸಿತು. ದಾಖಲೆಯಲ್ಲಿರುವ ಮಾಹಿತಿಯು ರೋಗಿಯ ಸ್ವತ್ತು, ಆಸ್ಪತ್ರೆಯು ಅದನ್ನು ರೋಗಿಯ ಪರವಾಗಿ ಕಾಪಾಡುವ ಧರ್ಮದರ್ಶಿ ಎಂಬ ತತ್ತ್ವವನ್ನು ಈ ಮಾನಕಗಳು ಎತ್ತಿಹಿಡಿದಿವೆ.

2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಕಾರ್ಯಕ್ರಮವನ್ನು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ವಿಸ್ತರಿಸಲಾಯಿತು. ಇದಕ್ಕೆ ಐದು ವರ್ಷಗಳ ಅವಧಿಗೆ 1,600 ಕೋಟಿ ರೂಪಾಯಿಗಳ ಮೊತ್ತಕ್ಕೆ ಕೇಂದ್ರ ಸಚಿವ ಸಂಪುಟವು 2022ರ ಫೆಬ್ರವರಿಯಲ್ಲಿ ಅನುಮೋದನೆ ನೀಡಿತು. ಈ ಕಾರ್ಯಕ್ರಮದಡಿ ನಾಗರಿಕರು 14 ಅಂಕಿಗಳ ಆಭಾ ಸಂಖ್ಯೆಯನ್ನು ಉಚಿತವಾಗಿ ಪಡೆಯಬಹುದು. 2025ರ ಆರಂಭದ ವೇಳೆಗೆ ಇಂತಹ 70 ಕೋಟಿಗೂ ಹೆಚ್ಚು ಸಂಖ್ಯೆಗಳು ಸೃಷ್ಟಿಯಾಗಿದ್ದವು. ಸಂಖ್ಯೆ ಪಡೆಯುವುದು ಕಡ್ಡಾಯವಲ್ಲ. ರೋಗಿಯ ದಾಖಲೆಗಳೆಲ್ಲ ಒಂದು ಕೇಂದ್ರ ಭಂಡಾರದಲ್ಲಿ ಸಂಗ್ರಹವಾಗುವುದಿಲ್ಲ. ಅವು ಚಿಕಿತ್ಸೆ ನೀಡಿದ ಆಸ್ಪತ್ರೆಗಳಲ್ಲೇ ಉಳಿದು, ರೋಗಿಯ ಸಮ್ಮತಿ ದೊರೆತಾಗ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣುತ್ತವೆ. ನೀಡಿದ ಸಮ್ಮತಿಯನ್ನು ರೋಗಿಯು ಹಿಂದೆಗೆದುಕೊಳ್ಳಲೂಬಹುದು.

ವೆಚ್ಚದ ಹೊರೆಯನ್ನು ತಗ್ಗಿಸುವ ಸಲುವಾಗಿ 2023ರ ಜನವರಿಯಿಂದ ಪ್ರೋತ್ಸಾಹ ಯೋಜನೆಯೊಂದನ್ನು ಜಾರಿಗೆ ತರಲಾಯಿತು. ದಾಖಲೆಗಳನ್ನು ಆಭಾ ಸಂಖ್ಯೆಗೆ ಜೋಡಿಸುವ ಆಸ್ಪತ್ರೆ, ಪ್ರಯೋಗಾಲಯ ಹಾಗೂ ತಂತ್ರಾಂಶ ಸಂಸ್ಥೆಗಳಿಗೆ ಗರಿಷ್ಠ 4 ಕೋಟಿ ರೂಪಾಯಿಗಳವರೆಗೆ ಪ್ರೋತ್ಸಾಹಧನಕ್ಕೆ ಇದರಲ್ಲಿ ಅವಕಾಶ ಕಲ್ಪಿಸಲಾಯಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ಆಭಾ ಸಂಖ್ಯೆಯು ಮನೆಯ ಬಾಗಿಲ ಸಂಖ್ಯೆ ಇದ್ದಂತೆ. ಬಾಗಿಲಿಗೆ ಸಂಖ್ಯೆ ಬರೆದ ಮಾತ್ರಕ್ಕೆ ಮನೆಯೊಳಗೆ ಸಾಮಾನು ಬರುವುದಿಲ್ಲ. ಪ್ರತಿ ಭೇಟಿಯಲ್ಲೂ ಆಸ್ಪತ್ರೆಯು ದಾಖಲೆಯನ್ನು ಆ ಸಂಖ್ಯೆಗೆ ಜೋಡಿಸಿದಾಗಲೇ ಅದು ಉಪಯೋಗಕ್ಕೆ ಬರುತ್ತದೆ. ಭಾಲ್ಕಿಯ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡು ತುಂಬುವ ಕಾರ್ಯಕರ್ತೆಗೆ ಸಮಯವಿದ್ದರೆ, ಅವಳ ಕೈಯಲ್ಲಿರುವ ಸಾಧನ ಅವಳ ಭಾಷೆಯಲ್ಲಿ ಮಾತನಾಡಿದರೆ, ಸಂಪರ್ಕಜಾಲ ಕೈಕೊಡದಿದ್ದರೆ ಸುಲ್ತಾನ್ ಬಜಾರಿನ ವೈದ್ಯರಿಗೆ ಮಾಹಿತಿ ದೊರೆತೀತು. ಸರಪಳಿಯ ಮೊದಲ ಕೊಂಡಿ ಆಕೆಯೇ.

ಭಾಷೆಯ ಪ್ರಶ್ನೆಯೂ ಕಡೆಗಣಿಸುವಂಥದ್ದಲ್ಲ. ತಾಯಿ ಕಾರ್ಡು ಕನ್ನಡದಲ್ಲಿ, ವೈದ್ಯರ ಟಿಪ್ಪಣಿ ಇಂಗ್ಲಿಷಿನಲ್ಲಿ, ಸಿಬ್ಬಂದಿಯ ಮಾತು ತೆಲುಗು ಅಥವಾ ಉರ್ದುವಿನಲ್ಲಿ. ರೋಗ ಮತ್ತು ಚಿಕಿತ್ಸೆಗಳಿಗೆ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಸಂಕೇತಗಳನ್ನು ಬಳಸಿದರೆ ಗಣಕಯಂತ್ರಗಳ ನಡುವಣ ತೊಡಕು ಬಗೆಹರಿಯುತ್ತದೆ. ಆದರೆ ರೋಗಿಗೆ ತನ್ನ ದಾಖಲೆ ತನ್ನ ಭಾಷೆಯಲ್ಲಿ ಅರ್ಥವಾಗಬೇಕಾದುದು ಬೇರೆಯೇ ಅಗತ್ಯ. ಸಮ್ಮತಿ ಕೇಳುವ ವಾಕ್ಯವೇ ಅರ್ಥವಾಗದಿದ್ದರೆ ಕೊಟ್ಟ ಸಮ್ಮತಿಗೆ ಬೆಲೆಯಿಲ್ಲ.

ಸುರಕ್ಷತೆ ಮತ್ತು ಹಕ್ಕು

ಗಣಕದಲ್ಲಿಟ್ಟ ದಾಖಲೆಗೆ ಗೆದ್ದಲು ಹಿಡಿಯದು, ಮಳೆಯಲ್ಲಿ ನೆನೆಯದು. ಆದರೆ ಅದಕ್ಕೆ ಬೇರೆ ಬಗೆಯ ಅಪಾಯಗಳಿವೆ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆಯಿತು. ಸುಮಾರು ಎರಡು ವಾರಗಳ ಕಾಲ ನೋಂದಣಿಯೇ ಮೊದಲಾದ ಕೆಲಸಗಳನ್ನು ಕೈಬರಹದಲ್ಲಿ ನಡೆಸಬೇಕಾಯಿತು. ಮಾಹಿತಿಯ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಡುವುದು, ಗಣಕ ನಿಂತಾಗ ಕಾಗದದಲ್ಲಿ ಕೆಲಸ ಸಾಗಿಸುವ ಅಭ್ಯಾಸವನ್ನು ಉಳಿಸಿಕೊಳ್ಳುವುದು ಎಷ್ಟು ಅಗತ್ಯವೆಂಬುದು ಇದರಿಂದ ಮನದಟ್ಟಾಗುತ್ತದೆ. ಇವೂ ವೆಚ್ಚದ ಲೆಕ್ಕಕ್ಕೆ ಸೇರತಕ್ಕವು.

ಖಾಸಗಿ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಅವು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಡಿಸಲಾಗಿದೆ. ಇದಕ್ಕೂ ಹಿಂದಿನಿಂದ, ಭಾರತೀಯ ವೈದ್ಯಕೀಯ ಮಂಡಲಿಯ 2002ರ ವಿನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಕಾಪಾಡಬೇಕು. ರೋಗಿ ಅಥವಾ ಆತನಿಂದ ಅಧಿಕೃತಗೊಂಡವರು ಕೇಳಿದಾಗ 72 ಗಂಟೆಗಳೊಳಗೆ ಅವನ್ನು ಒದಗಿಸಬೇಕು. ಕಾಗದವಿರಲಿ, ಗಣಕವಿರಲಿ, ಕೇಳುವ ಹಕ್ಕು ರೋಗಿಗೆ ಇದೆ ಎಂಬುದನ್ನು ಜನರು ತಿಳಿದಿರಬೇಕು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಆಭಾ ಸಂಖ್ಯೆ ಪಡೆದಿದ್ದರೂ ಹಳೆಯ ಕಾಗದಗಳನ್ನು ಎಸೆಯಬಾರದು. ಅವುಗಳ ಮಾಹಿತಿ ತಾನಾಗಿಯೇ ಗಣಕಕ್ಕೆ ಸೇರಿರುವುದಿಲ್ಲ.

2. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ನೀಡುವ ಡಿಸ್ಚಾರ್ಜ್ ಪತ್ರವನ್ನು ಕೇಳಿ ಪಡೆಯಬೇಕು. ಶಸ್ತ್ರಚಿಕಿತ್ಸೆಯ ವಿವರ, ರಕ್ತದ ಗುಂಪು, ಒಗ್ಗದ ಔಷಧಗಳ ಹೆಸರು ಅದರಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು.

3. ಗರ್ಭಿಣಿಯರು ಬೇರೆ ಊರಿಗೆ ಹೋಗುವಾಗ ತಾಯಿ ಕಾರ್ಡನ್ನೂ ಹಿಂದಿನ ಹೆರಿಗೆಯ ಪತ್ರವನ್ನೂ ಜೊತೆಗೆ ಒಯ್ಯಬೇಕು. ಅವುಗಳ ಛಾಯಾಚಿತ್ರವನ್ನು ಮನೆಯವರ ಮೊಬೈಲಿನಲ್ಲಿಯೂ ಇಟ್ಟುಕೊಳ್ಳುವುದು ಒಳಿತು.

4. ನೋಂದಣಿಯ ವೇಳೆ ಹೆಸರು, ವಯಸ್ಸು ಮತ್ತು ಮೊಬೈಲ್ ಸಂಖ್ಯೆ ಪ್ರತಿಸಲವೂ ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು. ಹೆಸರಿನ ಒಂದಕ್ಷರ ಬೇರೆಯಾದರೂ ಒಬ್ಬರೇ ರೋಗಿ ಗಣಕದಲ್ಲಿ ಇಬ್ಬರಾಗಬಹುದು.

5. ಮೊಬೈಲಿಗೆ ಬರುವ ಒಟಿಪಿ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದು. ದಾಖಲೆ ತೋರಿಸಲು ಸಮ್ಮತಿ ನೀಡುವ ಮೊದಲು ಯಾರಿಗೆ, ಯಾವುದಕ್ಕಾಗಿ, ಎಷ್ಟು ಕಾಲಕ್ಕೆ ಎಂದು ಕೇಳಿ ತಿಳಿಯಬೇಕು.

ಆಸ್ಪತ್ರೆಗಳ ಆಡಳಿತವರ್ಗವೂ ಒಂದು ಮಾತನ್ನು ನೆನಪಿನಲ್ಲಿಡುವುದು ಅವಶ್ಯ. ತಂತ್ರಾಂಶವನ್ನು ಆರಿಸುವ ಸಭೆಯಲ್ಲಿ ಲೆಕ್ಕಪತ್ರದ ಅಧಿಕಾರಿಯೊಡನೆ ರಾತ್ರಿ ಪಾಳಿಯ ದಾದಿಗೂ ಒಂದು ಆಸನವಿರಬೇಕು. ಪರದೆಯ ಮೇಲೆ ಯಾವುದು ಮೊದಲು ಕಾಣಬೇಕೆಂದು ಆಕೆಗೆ ಗೊತ್ತು. ಕಡಿಮೆ ಬೆಲೆಗೆ ಕೊಂಡು ಯಾರೂ ಬಳಸದ ವ್ಯವಸ್ಥೆಯೇ ಎಲ್ಲಕ್ಕಿಂತ ದುಬಾರಿಯಾದುದು.

ಬೀದರಿನ ಬಸ್ಸಿನಿಂದ ಇಳಿಯುವ ರೋಗಿಯ ಕೈಯಲ್ಲಿನ ಪ್ಲಾಸ್ಟಿಕ್ ಚೀಲವು ಹಲವು ವರ್ಷಗಳಿಂದ ಆ ಕೆಲಸವನ್ನು ಖರ್ಚಿಲ್ಲದೆ ಮಾಡಿಕೊಂಡು ಬಂದಿದೆ. ಅದರ ಸ್ಥಾನಕ್ಕೆ ಬರುವ ವ್ಯವಸ್ಥೆಯು ಅದಕ್ಕಿಂತ ನಂಬಿಕೆಗೆ ಅರ್ಹವೂ ಬಳಸಲು ಅಷ್ಟೇ ಸುಲಭವೂ ಆಗಿರಬೇಕು. ಅಲ್ಲಿಯವರೆಗೆ ಆ ಚೀಲವನ್ನು ಜೋಪಾನವಾಗಿ ಕಾಪಾಡಿಕೊಳ್ಳುವುದೇ ಎಲ್ಲರಿಗೂ ಶ್ರೇಯಸ್ಕರ.